ಗಿರೀಶ್ ಕಾಸರವಳ್ಳಿ: ಚಿತ್ರಗಳ ವಸ್ತು ಮತ್ತು ಶೈಲಿ

ಗಿರೀಶ್ ಕಾಸರವಳ್ಳಿ (ಜನನ: 1950) ಕನ್ನಡ ಚಿತ್ರ ನಿರ್ದೇಶಕರು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಮಣಿಪಾಲದಲ್ಲಿ ಫಾರ್ಮಸಿ ಓದಿದರು. ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ 1975ರಲ್ಲಿ ಹೊರಬಂದರು. ಅದೇ ವರ್ಷದ ‘ಚೋಮನ ದುಡಿ’ಯಲ್ಲಿ ಬಿ.ವಿ. ಕಾರಂತರಿಗೆ ಸಹಾಯಕರಾಗಿದ್ದರು. ‘ಘಟಶ್ರಾದ್ಧ’ (1977), ‘ತಬರನ ಕಥೆ’ (1986), ‘ತಾಯಿ ಸಾಹೇಬ’ (1997) ಮತ್ತು ‘ದ್ವೀಪ’ (2002) ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪಡೆದಿವೆ. 2011ರಲ್ಲಿ ಪದ್ಮಶ್ರೀ ಬಂತು. ಹೆಗ್ಗೋಡಿನ ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣ ಇವರ ಸೋದರಮಾವ; ಸಾಹಿತ್ಯದ ನಂಟು ಹೀಗೆ ಮನೆಯಿಂದಲೇ ಬಂದದ್ದು.

ಮಲೆನಾಡಿನ ಅಗ್ರಹಾರದಿಂದ ಶುರುವಾದ ಈ ನಿರ್ದೇಶಕ ಹೊತ್ತು ಕಳೆದಂತೆ ಬಯಲುಸೀಮೆಯ ಕಥೆಗಾರರ ಹತ್ತಿರ ಬಂದದ್ದನ್ನು ಗಮನಿಸಬೇಕು. ‘ಕನಸೆಂಬೋ ಕುದುರೆಯನೇರಿ’ (2010) ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ಆಧರಿಸಿದೆ. ರಾಯಚೂರು ಸೀಮೆಯ ನುಗಡೋಣಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಅದರ ಬೆನ್ನಿಗೇ ಬಂದ ‘ಕೂರ್ಮಾವತಾರ’ (2011) ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಕಥೆ. ಅವರದೇ ಇನ್ನೊಂದು ಕಥೆ ಅದಕ್ಕೆ ಮೊದಲೇ ನಾಗತಿಹಳ್ಳಿ ಚಂದ್ರಶೇಖರರ ‘ಕೊಟ್ರೇಶಿ ಕನಸು’ (1994) ಆಗಿ ತೆರೆಗೆ ಬಂದಿತ್ತು.

‘ಕೂರ್ಮಾವತಾರ’ದ ಆನಂದರಾವ್ ನಿವೃತ್ತಿಗೆ ಹತ್ತಿರವಾದ ಸರ್ಕಾರಿ ನೌಕರ. ಕಡತ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ. ಮುಖ ಗಾಂಧಿಯನ್ನು ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಟಿವಿ ಧಾರಾವಾಹಿಯವರು ಆತನನ್ನು ಹಿಡಿದು ತಂದು ಗಾಂಧಿ ಪಾತ್ರ ಕೊಡುತ್ತಾರೆ. ಅಭಿನಯ ಬಾರದ ಮನುಷ್ಯ ಪಾತ್ರಕ್ಕಾಗಿ ಗಾಂಧಿಯನ್ನು ಓದತೊಡಗುತ್ತಾನೆ. ನೋಡಿದವರೋ, ಆತನನ್ನೇ ಗಾಂಧಿ ಎಂದು ತಿಳಿದು ಕಾಲಿಗೆ ಬೀಳುತ್ತಾರೆ, ತಮ್ಮ ಕೆಲಸಗಳಿಗೆ ಆ ಮುಖವನ್ನು ಬಳಸಿಕೊಳ್ಳಲು ನೋಡುತ್ತಾರೆ. ಮನೆಯಲ್ಲಿ ಮಗನ ಜೊತೆಗಿನ ಸಂಬಂಧ ಗಾಂಧಿ ಮತ್ತು ಹರಿಲಾಲರ ನಂಟನ್ನು ನೆನಪಿಸುತ್ತದೆ. ಶಿಕಾರಿಪುರ ಕೃಷ್ಣಮೂರ್ತಿ ಆನಂದರಾವ್ ಆಗಿ, ಜಯಂತಿ ಕಸ್ತೂರಬಾ ಪಾತ್ರದ ನಟಿಯಾಗಿ ಅಭಿನಯಿಸಿದ ಈ ಚಿತ್ರ ಕನ್ನಡದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಪಡೆಯಿತು. ಸಂಕೇತವನ್ನು ಸ್ವಲ್ಪ ಹೆಚ್ಚಾಗಿಯೇ ಬಿಡಿಸಿ ಹೇಳುತ್ತದೆ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿದೆ. ಆದರೂ ಕಾಸರವಳ್ಳಿಯವರನ್ನು ಬಲ್ಲವರಿಗೆ ವಸ್ತು ಹಳೆಯದೇ: ದೊಡ್ಡದೊಂದು ವ್ಯವಸ್ಥೆ ಸಣ್ಣ ಮನುಷ್ಯನ ಮನೆಯೊಳಗೆ ಕಾಲಿಡುವುದು, ಆ ಮನೆ ಮತ್ತೆ ಮೊದಲಿನಂತಾಗದಿರುವುದು.

ಆ ವ್ಯವಸ್ಥೆ ಚಿತ್ರದಿಂದ ಚಿತ್ರಕ್ಕೆ ರೂಪ ಬದಲಿಸುತ್ತದೆ. ‘ಘಟಶ್ರಾದ್ಧ’ದಲ್ಲಿ ಅದು ಅಗ್ರಹಾರದ ಧರ್ಮ, ‘ತಬರನ ಕಥೆ’ಯಲ್ಲಿ ಸರ್ಕಾರಿ ಕಚೇರಿ, ‘ತಾಯಿ ಸಾಹೇಬ’ದಲ್ಲಿ ವಾಡೆಯ ಮರ್ಯಾದೆ ಮತ್ತು ಸ್ವತಂತ್ರ ಭಾರತದ ಕಾನೂನು, ‘ದ್ವೀಪ’ದಲ್ಲಿ ಅಣೆಕಟ್ಟು, ‘ಹಸೀನಾ’ (2004)ದಲ್ಲಿ ಮಸೀದಿಯ ಮುತವಲ್ಲಿ. ಎಲ್ಲಿಯೂ ಒಬ್ಬ ಖಳನಾಯಕ ಸಿಗುವುದಿಲ್ಲ. ತಬರಶೆಟ್ಟಿಗೆ ಪಿಂಚಣಿ ಕೊಡದ ಗುಮಾಸ್ತರಲ್ಲಿ ಯಾರೂ ರಾಕ್ಷಸರಲ್ಲ. ಒಬ್ಬೊಬ್ಬರಿಗೂ ಒಂದೊಂದು ನಿಯಮ ಅಡ್ಡ ಬರುತ್ತದೆ, ಅಷ್ಟೆ. ಬ್ರಿಟಿಷರ ಕಾಲದಿಂದ ಪಡುಗೆರೆಯಲ್ಲಿ ಚಾಕರಿ ಮಾಡಿಕೊಂಡು ಬಂದ ತಬರನ ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತದೆ. ಆಸ್ಪತ್ರೆಗೆ ಹಣವಿಲ್ಲ. ಆತ ಮಾಂಸದ ಅಂಗಡಿಯವನ ಹತ್ತಿರ ಹೋಗಿ ಆ ಕಾಲನ್ನು ಕತ್ತರಿಸಿಕೊಡು ಎನ್ನುತ್ತಾನೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯ ಈ ಪ್ರಸಂಗವನ್ನು ಅಳು ಉಕ್ಕಿಸುವ ಹಾಗೆ ತೆಗೆಯುವುದು ಸುಲಭವಿತ್ತು. ಚಿತ್ರ ಅದನ್ನು ಕಚೇರಿಯ ಅಲೆದಾಟದ ಸಹಜ ಮುಂದುವರಿಕೆಯೆಂಬಂತೆ ತೋರಿಸುತ್ತದೆ, ಅದಕ್ಕೇ ನೋಡುವವರ ಎದೆ ಝಲ್ಲೆನ್ನುತ್ತದೆ. ತಬರನಾದ ಚಾರುಹಾಸನ್‌ಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಸಂದಿತು.

ಹೆಣ್ಣು ಈ ಚಿತ್ರಗಳ ನಡುಗಂಬ. ‘ಘಟಶ್ರಾದ್ಧ’ ಯು.ಆರ್. ಅನಂತಮೂರ್ತಿಯವರ ಕಥೆ. ವೇದ ಕಲಿಯಲು ಉಡುಪರ ಮನೆಗೆ ಬಂದ ಹುಡುಗ ನಾಣಿಗೆ ವಿಧವೆ ಯಮುನಕ್ಕನೇ ಆಸರೆ. ಅವಳು ಬಸುರಾದದ್ದು ಬಯಲಾದಾಗ ತಂದೆ ಮಣ್ಣಿನ ಗಡಿಗೆ ಒಡೆದು, ಬದುಕಿರುವ ಮಗಳಿಗೆ ಸತ್ತವರ ಕರ್ಮ ಮಾಡಿ ಮುಗಿಸುತ್ತಾನೆ. ದೊಡ್ಡವರ ಲೆಕ್ಕಾಚಾರ ಪೂರ್ತಿ ಅರ್ಥವಾಗದ ಹುಡುಗನ ಕಣ್ಣಿನಿಂದಲೇ ಬಹುಪಾಲು ಕಥೆ ಸಾಗುವುದರಿಂದ ಚಿತ್ರ ತೀರ್ಪು ಕೊಡುವ ಗೋಜಿಗೆ ಹೋಗುವುದಿಲ್ಲ. ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕನನ್ನು ಬಿಟ್ಟು ನಾಣಿ ಅಪ್ಪನ ಜೊತೆ ಊರಿಗೆ ಹೊರಡುತ್ತಾನೆ.

ಇಪ್ಪತ್ತೈದು ವರ್ಷದ ನಂತರದ ‘ದ್ವೀಪ’ದ ನಾಗಿ ಬೇರೆ ಥರದವಳು. ನಾ. ಡಿಸೋಜ ಶರಾವತಿ ಯೋಜನೆಯಲ್ಲಿ ಕೆಲಸ ಮಾಡುತ್ತಾ ಕಂಡ ಮುಳುಗಡೆಯೇ ಮೂಲ ಕಾದಂಬರಿಯ ಬೇರು. ಹಿನ್ನೀರು ಏರಿ ಗುಡ್ಡದ ಮೇಲಿನ ಮನೆ ದ್ವೀಪವಾಗುತ್ತದೆ. ಎಲ್ಲರೂ ಜಾಗ ಬಿಟ್ಟ ಮೇಲೂ ಉಳಿದ ಸಂಸಾರವನ್ನು ದುಡಿದು ಹಿಡಿದಿಡುವವಳು ನಾಗಿ. ಮಳೆಯ ರಾತ್ರಿಯಿಡೀ ಅವಳು ಮನೆ ಕಾಯುತ್ತಾಳೆ, ಬೆಳಗಾಗುವ ಹೊತ್ತಿಗೆ ಗಂಡ ಗಣಪ ಉಳಿದದ್ದರ ಶ್ರೇಯವನ್ನೆಲ್ಲ ದೇವರಿಗೆ ಒಪ್ಪಿಸಿಬಿಡುತ್ತಾನೆ. ಅಣೆಕಟ್ಟು ಕಿತ್ತುಕೊಂಡದ್ದಕ್ಕಿಂತ ಗಂಡನ ಈ ಒಂದು ಮಾತು ಅವಳನ್ನು ಹೆಚ್ಚು ಕುಗ್ಗಿಸುತ್ತದೆ. ಸೌಂದರ್ಯ ಈ ಪಾತ್ರ ಮಾಡಿದ್ದಲ್ಲದೆ ಚಿತ್ರವನ್ನು ನಿರ್ಮಿಸಿದರು ಕೂಡ, ಎಚ್.ಎಂ. ರಾಮಚಂದ್ರ ಹಾಲ್ಕೆರೆ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂತು. ಇಲ್ಲಿ ನೀರು ಹಿನ್ನೆಲೆಯಲ್ಲಿ ಸುಮ್ಮನೆ ನಿಲ್ಲುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬರುತ್ತದೆ.

ಕಥೆ ಕೊಟ್ಟವರಿಗೆ ಕಾಸರವಳ್ಳಿ ತಲೆಬಾಗುತ್ತಾರೆ, ಕಥೆಗೆ ಮಾತ್ರ ತಲೆಬಾಗುವುದಿಲ್ಲ. ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ ಕಾದಂಬರಿಯಲ್ಲಿ ಪುನರ್ಜನ್ಮದ ಪ್ರಶ್ನೆ ಮುಂದಿದ್ದರೆ, 2006ರ ಚಿತ್ರದಲ್ಲಿ ಆ ನಂಬಿಕೆಯ ಭಾರವನ್ನು ಹೊರಬೇಕಾದ ವಿಧವೆಯ ಆಯ್ಕೆ ಮುಂದೆ ಬರುತ್ತದೆ. ಸತ್ತ ಗಂಡ ಮರುಹುಟ್ಟು ಪಡೆದು ಬಂದಿದ್ದಾನೆಂದು ಮನೆಯವರು ಹೇಳುವ ಯುವಕನನ್ನು ಆಕೆ ಒಪ್ಪಿದ್ದು ನಂಬಿಯೋ, ಬದುಕುವ ಆಸೆಯಿಂದಲೋ? ಚಿತ್ರ ಎರಡಕ್ಕೂ ಜಾಗ ಬಿಡುತ್ತದೆ. ವೈದೇಹಿಯವರ ‘ಗುಲಾಬಿ ಟಾಕೀಸು’ ಕಥೆಯಲ್ಲಿ ಊರಿಗೆ ಟಾಕೀಸು ಬಂದು ಹೆಂಗಸರ ಲೋಕ ಬದಲಾಗುತ್ತದೆ. 2008ರ ಚಿತ್ರ ಅದನ್ನು ಕುಂದಾಪುರ ಕಡಲಂಚಿನ ಮೀನುಗಾರರ ನಡುವಿಗೆ, ಕಾರ್ಗಿಲ್ ಯುದ್ಧದ ಕಾಲಕ್ಕೆ ತಂದು, ಟಾಕೀಸಿನ ಜಾಗದಲ್ಲಿ ಡಿಶ್ ಆ್ಯಂಟೆನಾ ಇರುವ ಟಿವಿಯನ್ನು ಕೂರಿಸುತ್ತದೆ. ಗಂಡ ಬಿಟ್ಟ ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ನೋಡಲು ನೆರೆಯ ಹೆಂಗಸರು ಸೇರುತ್ತಾರೆ. ಅದೇ ಟಿವಿಯ ಯುದ್ಧದ ಸುದ್ದಿ ಅವರ ನಡುವೆ ಹಿಂದೂ-ಮುಸ್ಲಿಂ ಗೆರೆ ಎಳೆಯುತ್ತದೆ. ಕೊನೆಗೆ ಗುಲಾಬಿಯೇ ಜಾಗ ಖಾಲಿ ಮಾಡಬೇಕಾಗುತ್ತದೆ. ಇದರಲ್ಲಿ ಉಮಾಶ್ರೀ, ಅದಕ್ಕೂ ಮೊದಲು ‘ಹಸೀನಾ’ದಲ್ಲಿ ತಾರಾ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ‘ಹಸೀನಾ’ಕ್ಕೆ ಮೂಲವಾದ ‘ಕರಿ ನಾಗರಗಳು’ ಬರೆದ ಬಾನು ಮುಷ್ತಾಕ್ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದಾಗ ಈ ಚಿತ್ರವನ್ನು ಮತ್ತೆ ನೆನೆಸಿಕೊಂಡವರು ಬಹಳ.

ಒಂದೇ ಸತ್ಯವನ್ನು ಎರಡು ಕಡೆಯಿಂದ ನೋಡುವ ಚಟ ‘ಕನಸೆಂಬೋ ಕುದುರೆಯನೇರಿ’ಯಲ್ಲಿ ಚಿತ್ರದ ಕಟ್ಟಡವೇ ಆಗಿದೆ. ಕುಣಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಸಾವು ಖಾತ್ರಿ. ಒಮ್ಮೆ ಕನಸು ಬೀಳುತ್ತದೆ, ಸಾವಿನ ಸುದ್ದಿ ಬರುವುದಿಲ್ಲ. ಈರ್ಯಾನ ನಂಬಿಕೆ ಅಲ್ಲಾಡುತ್ತದೆ. ಆಮೇಲೆ ಅದೇ ಹೊತ್ತನ್ನು ಗೌಡರ ಮನೆಯ ಒಳಗಿನಿಂದ ತೋರಿಸಿದಾಗ ಗೊತ್ತಾಗುತ್ತದೆ: ಸಾವು ಆಗಿದೆ, ಅನುಕೂಲಕ್ಕಾಗಿ ಮುಚ್ಚಿಟ್ಟಿದ್ದಾರೆ. ಬಡವನ ಕನಸು ನಿಜ, ಉಳ್ಳವರ ಮಾತು ಸುಳ್ಳು. ಹಾಸ್ಯ ಪಾತ್ರಗಳಿಗೇ ಗುರುತಾಗಿದ್ದ ಬಿರಾದಾರ್ ಈರ್ಯಾ ಆಗಿ ಮಾಡಿದ ಅಭಿನಯ ನಿರ್ದೇಶಕರ ನಟರ ಆಯ್ಕೆಗೆ ಒಳ್ಳೆಯ ಮಾದರಿ. ಚಿತ್ರಕಥೆಗೂ ರಾಷ್ಟ್ರಪ್ರಶಸ್ತಿ ಬಂತು.

ಶೈಲಿಯ ಮಾತಿಗೆ ಬಂದರೆ, ಪುಣೆಯಲ್ಲಿ ಓಜು, ಕುರೊಸಾವಾ, ಆಂಟೋನಿಯೋನಿಯವರ ಚಿತ್ರಗಳನ್ನು ನೋಡಿ ಬೆಳೆದ ಕಣ್ಣು ಇವರದು. ದೃಶ್ಯಗಳು ಸಾವಧಾನವಾಗಿ ನಿಲ್ಲುತ್ತವೆ, ಹಿನ್ನೆಲೆ ಸಂಗೀತ ಕಡಿಮೆ. ನಾಸಿರುದ್ದೀನ್ ಶಾ, ದೀಪ್ತಿ ನವಲ್ ಅಭಿನಯದ ‘ಮನೆ’ಯಲ್ಲಿ ನಗರಕ್ಕೆ ಬಂದ ದಂಪತಿಯ ನೆಮ್ಮದಿ ಕೆಡಿಸುವುದು ಎದುರಿನ ಶೆಡ್ಡಿನ ಬಡಿತದ ಸದ್ದು. ‘ತಾಯಿ ಸಾಹೇಬ’ದಲ್ಲಿ ವಾಡೆಯ ಕಂಬ, ಬಾಗಿಲು, ಜಯಮಾಲಾ ಉಟ್ಟ ಸೀರೆಗಳೇ ದಶಕಗಳು ಕಳೆದದ್ದನ್ನು ಹೇಳುತ್ತವೆ, ನಿರ್ದೇಶಕರ ಪತ್ನಿ ವೈಶಾಲಿ ಕಾಸರವಳ್ಳಿಯವರಿಗೆ ಇದರ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ಮಾತು ಆಯಾ ಸೀಮೆಯದು: ಗುಲಾಬಿಯ ನೆರೆಯವರು ಆಡುವುದು ಕುಂದಾಪುರದ ಕನ್ನಡ, ಈರ್ಯಾ ಆಡುವುದು ಉತ್ತರದ ಕನ್ನಡ.

ಇಂಥ ಚಿತ್ರಗಳು ಸಣ್ಣ ಊರಿನ ಟಾಕೀಸಿಗೆ ಬಂದದ್ದು ಅಪರೂಪ. ದೂರದರ್ಶನ, ಫಿಲ್ಮ್ ಸೊಸೈಟಿ, ಚಿತ್ರೋತ್ಸವಗಳೇ ಅವುಗಳ ದಾರಿ. 2003ರಲ್ಲಿ ರಾಟರ್‌ಡ್ಯಾಮ್ ಉತ್ಸವ ಇವರ ಚಿತ್ರಗಳ ಸಿಂಹಾವಲೋಕನ ನಡೆಸಿತು. ಜಯಂತ ಕಾಯ್ಕಿಣಿಯವರ ‘ಹಾಲಿನ ಮೀಸೆ’ ಕಥೆಯಿಂದ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ (2020) ಬಂತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ಸಂಸ್ಥೆ ಸೇರಿ ಪುನರುಜ್ಜೀವನಗೊಳಿಸಿದ ‘ಘಟಶ್ರಾದ್ಧ’ದ ಹೊಸ ಪ್ರತಿಯನ್ನು 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಲಾಯಿತು.