ಓಡುವ ರೈಲು, ಮಸುಕಾದ ಅಮ್ಮ

ನಾನು ಖಡಕಿಗೆ ಬಂದ ಹೊಸತು, 1984. ಮೀರಜಿನಲ್ಲಿ ಗಾಡಿ ಬದಲಿಸಿ ಧಾರವಾಡಕ್ಕೆ ಹೋಗಲಿದ್ದ ಅಮ್ಮನನ್ನು ಪುಣೆ ಸ್ಟೇಷನ್ನಿನಲ್ಲಿ ಕ್ಲಿಕ್ಕಿಸಿದೆ. ಫೋಕಸ್ ಉಂಗುರ ತಿರುಗಿಸುವಷ್ಟರಲ್ಲಿ ರೈಲು ಹೊರಟೇಬಿಟ್ಟಿತು. ಬಂದದ್ದು ಮಸುಕು ಚಿತ್ರ.

ಸಂಡೂರಿನ ಎಂ.ವೈ. ಘೋರ್ಪಡೆಯವರು ಕಾಡುಪ್ರಾಣಿಗಳನ್ನು ಕೈಯಿಂದಲೇ ಫೋಕಸ್ ಮಾಡಿ ಹಿಡಿದವರು. ನನಗೆಲ್ಲಿ ಆ ಕೈಚಳಕ! 1977ರ ಕೋನಿಕಾ ಸಿ35 ಎಎಫ್ ತಾನೇ ಫೋಕಸ್ ಮಾಡುತ್ತಿತ್ತು, ಆದರೆ ಒಮ್ಮೆ ದೂರ ಅಳೆದರೆ ಮುಗಿಯಿತು. 1985ರಲ್ಲಿ ಮಿನೋಲ್ಟಾ 7000 ಬಂತು, ಫೋಕಸ್ ಮೋಟಾರು ಕ್ಯಾಮೆರಾದ ಒಡಲಲ್ಲೇ. 1988ರ 7000ಐ ಇನ್ನೂ ಜಾಣ: ವೇಗ ಲೆಕ್ಕಹಾಕಿ, ಶಟರ್ ತೆರೆಯುವ ಕ್ಷಣಕ್ಕೆ ವಸ್ತು ಎಲ್ಲಿರುತ್ತದೋ ಅಲ್ಲಿಗೇ ಫೋಕಸ್!

ಈಗಿನ ಕ್ಯಾಮೆರಾ ಕಣ್ಣನ್ನೇ ಹುಡುಕಿ ಹಿಂಬಾಲಿಸುತ್ತದೆ. ಸೈಕಲ್ಲಿನ ಮೊಮ್ಮಗಳು ಚೊಕ್ಕ ಬರುತ್ತಾಳೆ. ಗೋಡೆಯ ಮೇಲೆ ಮಾತ್ರ ಆ ಮಸುಕು ಚಿತ್ರವೇ. ಅಮ್ಮನದು ಅದೇ ಕೊನೆಯದು, ನೋಡಿ.