ಚಿತ್ರದೊಳಗಿನ ಅಕ್ಷಾಂಶ: ಶಾಸನ ಕ್ಷೇತ್ರಕಾರ್ಯದಲ್ಲಿ ಸ್ಥಳದತ್ತಾಂಶದ ಬಳಕೆ ಮತ್ತು ಮಿತಿ

ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ 1905ರಲ್ಲಿ ಹೊರಬಂತು. ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ತಾಲ್ಲೂಕು ಯಾವುದು, ಊರು ಯಾವುದು, ಕಲ್ಲು ಇರುವುದು ದೇವಸ್ಥಾನದ ಬಳಿಯೋ ಕೆರೆಯ ಬಳಿಯೋ ಹೊಲದಲ್ಲೋ ಎಂಬಷ್ಟು ಗುರುತನ್ನು ರೈಸ್ ಕೊಡುತ್ತಾರೆ. ಆ ಕಾಲಕ್ಕೆ ಅಷ್ಟು ಸಾಕಿತ್ತು. ಊರಿಗೆ ಹೋಗಿ ಪಟೇಲರನ್ನೋ ಶಾನುಭೋಗರನ್ನೋ ಕೇಳಿದರೆ ಕಲ್ಲಿನ ಮುಂದೆ ಕರೆದೊಯ್ದು ನಿಲ್ಲಿಸುತ್ತಿದ್ದರು. ಮುಂದಿನ ನೂರು ವರ್ಷಗಳಲ್ಲಿ ಹೊಲಗಳು ಬಡಾವಣೆಗಳಾದವು, ಧರ್ಮಾಂಬುಧಿಯಂಥ ಕೆರೆ ಬಸ್ ನಿಲ್ದಾಣವಾಯಿತು, ಕೇಳೋಣವೆಂದರೆ ಶಾನುಭೋಗಿಕೆಯೇ ರದ್ದಾಗಿ ಹೋಯಿತು. ಸಂಪುಟದಲ್ಲಿ ಪಾಠ ಉಳಿದಿದೆ, ಕಲ್ಲು ಎಲ್ಲಿದೆ ಎಂಬುದು ಹಲವು ಕಡೆ ತಿಳಿಯದು.

2018ರಲ್ಲಿ ಹೆಬ್ಬಾಳದಲ್ಲಿ ಕಾಮಗಾರಿಗೆಂದು ನೆಲ ಅಗೆದಾಗ ಗಂಗರ ಶ್ರೀಪುರುಷನ ಕಾಲದ, ಅಂದರೆ 8ನೇ ಶತಮಾನದ, ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಅಲ್ಲಿಂದೀಚೆಗೆ ನಗರದ ಶಾಸನಗಳನ್ನು ಹುಡುಕಿ ನಕ್ಷೆಯ ಮೇಲೆ ಗುರುತಿಸುವ ಉತ್ಸಾಹ ಹೆಚ್ಚಿದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಬೆಂಗಳೂರಿನ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿದೆ. ಈಗ ಶಾಸನ ಹುಡುಕಿ ಹೊರಟ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ, ಸ್ಥಳ ದಾಖಲಿಸಲು ಅನುಮತಿ ಕೊಟ್ಟಿದ್ದರೆ ಅದು ತೆಗೆಯುವ ಪ್ರತಿ ಚಿತ್ರದೊಳಗೂ ಅಕ್ಷಾಂಶ ರೇಖಾಂಶಗಳು ತಾವಾಗಿ ಸೇರಿಕೊಳ್ಳುತ್ತವೆ. ರೈಸ್ ಬಿಟ್ಟುಹೋದ ಸಮಸ್ಯೆ ಇದರಿಂದ ಬಗೆಹರಿಯಿತೆಂದು ಅನೇಕರು ನಂಬಿದ್ದಾರೆ. ಅರ್ಧ ಬಗೆಹರಿದಿದೆ ಎಂಬುದು ಈ ಲೇಖನದ ವಾದ. ಚಿತ್ರದೊಳಗಿನ ಅಂಕಿ ಒಂದು ಅಳತೆ. ಎಲ್ಲ ಅಳತೆಗಳಂತೆ ಅದಕ್ಕೂ ದೋಷವುಂಟು, ಆಧಾರವುಂಟು. ಇವೆರಡನ್ನೂ ಬರೆದಿಡದ ಅಂಕಿ ಮುಂದಿನ ಸಂಶೋಧಕನನ್ನು ದಾರಿ ತಪ್ಪಿಸಬಲ್ಲದು.

ಡಿಜಿಟಲ್ ಚಿತ್ರದ ಕಡತದಲ್ಲಿ ಬಣ್ಣದ ಬಿಂದುಗಳ ಜೊತೆಗೆ ಎಕ್ಸಿಫ್ ಎಂಬ ಟಿಪ್ಪಣಿಯ ಭಾಗವೊಂದಿರುತ್ತದೆ. ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮ 1995ರಲ್ಲಿ ರೂಪಿಸಿದ ಮಾನದಂಡ ಅದು. ಸ್ಥಳದ ವಿವರಕ್ಕೆ ಅದರಲ್ಲಿ ಪ್ರತ್ಯೇಕ ವಿಭಾಗವಿದೆ: ಅಕ್ಷಾಂಶ, ರೇಖಾಂಶ, ಎತ್ತರ, ಉಪಗ್ರಹದ ಗಡಿಯಾರದ ಸಮಯ, ಕ್ಯಾಮೆರಾ ಮುಖ ಮಾಡಿದ ದಿಕ್ಕು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆಯೇ ಸಾಮಾನ್ಯ ಉಪಕರಣಗಳಿಗೆ ಈ ವಿಭಾಗ ನಿಜವಾಗಿ ಉಪಯೋಗಕ್ಕೆ ಬಂದದ್ದು.

ಅಂಕಿಗಳು ಅಲ್ಲಿ ಹೇಗೆ ಕೂತಿರುತ್ತವೆ ಎಂಬುದನ್ನು ಹತ್ತಿರದಿಂದ ನೋಡಬೇಕು. ವಿಧಾನಸೌಧದ ಮುಂದೆ ತೆಗೆದ ಚಿತ್ರದಲ್ಲಿ ಅಕ್ಷಾಂಶ 12 ಡಿಗ್ರಿ, 58 ನಿಮಿಷ, 46.92 ಸೆಕೆಂಡ್ ಎಂದು ಮೂರು ತುಂಡಾಗಿ ದಾಖಲಾಗಿರುತ್ತದೆ. ನಕ್ಷೆಯ ತಂತ್ರಾಂಶ ಅದನ್ನೇ 12.9797 ಡಿಗ್ರಿ ಎಂದು ದಶಮಾಂಶದಲ್ಲಿ ತೋರಿಸುತ್ತದೆ. ಇನ್ನು ಕೆಲವು ಉಪಕರಣಗಳು ಸೆಕೆಂಡನ್ನು ನಿಮಿಷಕ್ಕೆ ಸೇರಿಸಿ 12 ಡಿಗ್ರಿ 58.78 ನಿಮಿಷ ಎನ್ನುತ್ತವೆ. ಈ ಮೂರನೆಯ ರೂಪವನ್ನು ಯಾರಾದರೂ ಅವಸರದಲ್ಲಿ 12.5878 ಎಂದು ಬರೆದುಕೊಂಡು, ರೇಖಾಂಶಕ್ಕೂ ಹಾಗೆಯೇ ಮಾಡಿದರೆ ವಿಧಾನಸೌಧ ಸುಮಾರು 50 ಕಿಲೋಮೀಟರ್ ನೈಋತ್ಯಕ್ಕೆ ಸರಿದು ಕನಕಪುರದ ಹತ್ತಿರ ನಿಲ್ಲುತ್ತದೆ. ವಿಧಾನಸೌಧವಾದರೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಹೆಸರಿಲ್ಲದ ವೀರಗಲ್ಲೊಂದರ ವಿಷಯದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಹಳೆಯ ನಕ್ಷೆಗಳದು ಬೇರೆಯೇ ತೊಡಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಸ್ಥಳಾಕೃತಿ ನಕ್ಷೆಗಳು ಎವರೆಸ್ಟ್ ಗೋಳಾಭವನ್ನು, ಅಂದರೆ ಭೂಮಿಯ ಆಕಾರದ ಒಂದು ಗಣಿತಮಾದರಿಯನ್ನು, ಆಧರಿಸಿದವು. ಮೊಬೈಲು ಅನುಸರಿಸುವುದು ಡಬ್ಲ್ಯೂಜಿಎಸ್-84 ಆಧಾರವನ್ನು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಬಂದ ಸಾರ್ವಜನಿಕ ನಕ್ಷೆಗಳಲ್ಲಿ ಈ ಹೊಸ ಆಧಾರವೇ ಇದೆ. ಹಳೆಯ ನಕ್ಷೆಯಿಂದ ಎತ್ತಿಕೊಂಡ ಅಕ್ಷಾಂಶ ರೇಖಾಂಶಗಳನ್ನು ಪರಿವರ್ತಿಸದೆ ಮೊಬೈಲಿಗೆ ಕೊಟ್ಟರೆ ನಮ್ಮ ಸೀಮೆಯಲ್ಲಿ 100 ಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಎತ್ತರದ ಅಂಕಿಯನ್ನಂತೂ ಕಣ್ಣು ಮುಚ್ಚಿ ನಂಬಲಾಗದು. ಜಿಪಿಎಸ್ ಲೆಕ್ಕ ಹಾಕುವುದು ಗೋಳಾಭದಿಂದ ಎತ್ತರವನ್ನು, ನಾವು ಕೇಳುವುದು ಸಮುದ್ರಮಟ್ಟದಿಂದ ಎತ್ತರವನ್ನು. ಬೆಂಗಳೂರಿನಲ್ಲಿ ಮೊದಲನೆಯದು ಎರಡನೆಯದಕ್ಕಿಂತ 80ರಿಂದ 90 ಮೀಟರ್ ಕಡಿಮೆ. ಕೆಲವು ಉಪಕರಣಗಳು ತಿದ್ದಿ ಬರೆಯುತ್ತವೆ, ಕೆಲವು ತಿದ್ದದೆಯೇ ಬರೆಯುತ್ತವೆ.

ಇನ್ನು ದೋಷದ ಮಾತು. ಬಯಲಿನಲ್ಲಿ, ಆಕಾಶ ತೆರೆದಿರುವಲ್ಲಿ, ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ 5 ಮೀಟರ್ ಆಸುಪಾಸಿನೊಳಗೆ ಸರಿ ಇರುತ್ತದೆ. ಆದರೆ ನಮ್ಮ ಶಾಸನಗಳು ಬಯಲಲ್ಲೇ ಇರಬೇಕಲ್ಲ! ಮಂಟಪದ ಒಳಗೆ, ಆಲದ ಮರದ ಬುಡದಲ್ಲಿ, ನಾಲ್ಕು ಮಹಡಿಯ ಮನೆಗಳ ನಡುವಿನ ಸಂದಿಯಲ್ಲಿ ಸಂಕೇತ ಗೋಡೆಗಳಿಗೆ ಬಡಿದು ಸುತ್ತಿ ಬರುತ್ತದೆ. ದೋಷ ಹತ್ತಾರು ಮೀಟರಿಗೆ ಏರುತ್ತದೆ. ಬ್ಯಾಗಿನಿಂದ ಮೊಬೈಲ್ ತೆಗೆದ ತಕ್ಷಣ ಕ್ಲಿಕ್ಕಿಸಿದರೆ ಅದು ಹಿಂದಿನ ಊರಿನ ನೆಲೆಯನ್ನೇ ಅಂಟಿಸಿಬಿಡುವುದೂ ಉಂಟು. ಬೇಗೂರಿನಲ್ಲಿ ಬೆಂಗಳೂರು ಎಂಬ ಹೆಸರುಳ್ಳ, ಸುಮಾರು ಕ್ರಿ.ಶ. 890ರ ಶಾಸನವಿರುವುದು ದೇವಸ್ಥಾನದ ಆವರಣದಲ್ಲಿ. ಅಂಥ ಆವರಣವೊಂದರಲ್ಲಿ ನಾಲ್ಕಾರು ಕಲ್ಲುಗಳು ಒತ್ತೊತ್ತಾಗಿ ನಿಂತಿದ್ದರೆ ಅಕ್ಷಾಂಶ ಮಾತ್ರದಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾಗದು. ಬಾಗಿಲಿನ ಎಡಕ್ಕೆ ಎರಡನೆಯ ಕಲ್ಲು ಎಂಬ ರೈಸ್ ಕಾಲದ ಮಾದರಿಯ ಮಾತೇ ಅಲ್ಲಿ ಹೆಚ್ಚು ನಿಖರ.

ಚಿತ್ರದಲ್ಲಿ ದಾಖಲಾಗುವ ನೆಲೆ ಕ್ಯಾಮೆರಾದ್ದು, ಕಲ್ಲಿನದಲ್ಲ ಎಂಬುದನ್ನೂ ಮರೆಯುತ್ತೇವೆ. ಬೇಲಿಯಾಚೆಯಿಂದ ಜೂಮ್ ಮಾಡಿ ತೆಗೆದರೆ ಸಿಗುವುದು ರಸ್ತೆಯ ಅಕ್ಷಾಂಶ. ಅದಕ್ಕಿಂತ ದೊಡ್ಡ ಪ್ರಶ್ನೆ ಕಲ್ಲು ಮೂಲದಲ್ಲಿ ಎಲ್ಲಿತ್ತೆಂಬುದು. ರಸ್ತೆ ಅಗಲ ಮಾಡುವಾಗ ಪಕ್ಕಕ್ಕೆ ಸರಿಸಿದ, ಗುಡಿಯ ಜೀರ್ಣೋದ್ಧಾರದಲ್ಲಿ ಒಳಗೆ ತಂದು ನೆಟ್ಟ, ಮ್ಯೂಸಿಯಮ್ಮಿಗೆ ಸಾಗಿಸಿದ ಕಲ್ಲುಗಳು ಎಷ್ಟೋ. ತುರುಗೋಳ್ (ದನಗಳ ಅಪಹರಣದ) ಕಾಳಗದ ಕಲ್ಲು ಊರ ಗಡಿಯಲ್ಲಿತ್ತೋ ಕೆರೆಯ ಹಿಂದಿತ್ತೋ ಎಂಬುದರ ಮೇಲೆ ವ್ಯಾಖ್ಯಾನವೇ ಬದಲಾಗುತ್ತದೆ. ಇಂದಿನ ಚಿತ್ರ ಇಂದಿನ ನೆಲೆಯನ್ನಷ್ಟೇ ಹೇಳುತ್ತದೆ. ಮೂಲನೆಲೆಯನ್ನು ಊರಿನ ಹಿರಿಯರ ಬಾಯಿಂದ ಕೇಳಿ ಪ್ರತ್ಯೇಕವಾಗಿ ಬರೆಯಬೇಕು.

ಜಿಪಿಎಸ್ ಇಲ್ಲದ ಒಳ್ಳೆಯ ಕ್ಯಾಮೆರಾ ಬಳಸುವವರು ಮೊಬೈಲಿನಲ್ಲಿ ನಡಿಗೆಯ ಜಾಡನ್ನು ದಾಖಲಿಸಿಕೊಂಡು, ಆಮೇಲೆ ಸಮಯ ಹೊಂದಿಸಿ ಚಿತ್ರಗಳಿಗೆ ಸ್ಥಳ ಸೇರಿಸುತ್ತಾರೆ. ಫಿಲ್ ಹಾರ್ವಿ ರೂಪಿಸಿದ ಎಕ್ಸಿಫ್‌ಟೂಲ್ ಈ ಕೆಲಸವನ್ನು ಉಚಿತವಾಗಿ ಮಾಡಿಕೊಡುತ್ತದೆ. ಇಲ್ಲಿ ಎಡವಿಸುವುದು ಗಡಿಯಾರ. ಜಾಡು ವಿಶ್ವಮಾನ ಸಮಯದಲ್ಲಿ ಇರುತ್ತದೆ, ಕ್ಯಾಮೆರಾ ಭಾರತೀಯ ಸಮಯದಲ್ಲಿ. ಐದೂವರೆ ಗಂಟೆಯ ಈ ಅಂತರವನ್ನು ಹೇಳಿಕೊಡದಿದ್ದರೆ ಬೆಳಗಿನ ಊರಿನ ಕಲ್ಲಿಗೆ ಸಂಜೆಯ ಊರಿನ ನೆಲೆ ಬೀಳುತ್ತದೆ. ಎಕ್ಸಿಫ್‌ನಲ್ಲಿ ಕಾಲವಲಯ ಬರೆಯಲು ಜಾಗ ಬಂದದ್ದೇ 2016ರಲ್ಲಿ. ಕ್ಯಾಮೆರಾ ಗಡಿಯಾರ ಒಂದು ನಿಮಿಷ ತಪ್ಪಿದ್ದರೂ ಬೈಕಿನಲ್ಲಿ 30 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಅದು 500 ಮೀಟರ್. ಹೊರಡುವ ಮುನ್ನ ಮೊಬೈಲಿನ ಗಡಿಯಾರವನ್ನೇ ಸೆಕೆಂಡು ಕಾಣುವಂತೆ ಕ್ಯಾಮೆರಾದಲ್ಲಿ ಒಂದು ಚಿತ್ರ ತೆಗೆದಿಟ್ಟರೆ ವ್ಯತ್ಯಾಸ ಲೆಕ್ಕಕ್ಕೆ ಸಿಗುತ್ತದೆ.

ಇಷ್ಟೆಲ್ಲ ಮಾಡಿಯೂ ದತ್ತಾಂಶ ಕಳೆದುಹೋಗುವುದು ವಾಟ್ಸ್ಆ್ಯಪಿನಲ್ಲಿ. ಹೊಸ ಶಾಸನ ಸಿಕ್ಕಿತೆಂಬ ಸುದ್ದಿ ಇಂದು ಮೊದಲು ಬರುವುದೇ ಆಸಕ್ತರ ಗುಂಪುಗಳಲ್ಲಿ. ಚಿತ್ರವನ್ನು ಚಿತ್ರವಾಗಿ ಕಳುಹಿಸಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ, ಒಳಗಿನ ಸ್ಥಳದ ವಿವರವನ್ನು ತೆಗೆದುಹಾಕುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಕಡತ ಹಾಗೆಯೇ ತಲುಪುತ್ತದೆ.

ಇದಕ್ಕೆ ಪರ್ಯಾಯವೆಂಬಂತೆ ಜಿಪಿಎಸ್ ಮ್ಯಾಪ್ ಕ್ಯಾಮೆರಾದಂಥ ಆ್ಯಪ್‌ಗಳು ಚಿತ್ರದ ಮೇಲೆಯೇ ವಿಳಾಸದ ಪಟ್ಟಿ ಅಚ್ಚೊತ್ತುತ್ತವೆ. ಪಂಚಾಯಿತಿ ಕಾಮಗಾರಿಯ ಚಿತ್ರಗಳಲ್ಲಿ ಈ ಪಟ್ಟಿ ಎಲ್ಲರಿಗೂ ಪರಿಚಿತ. ಅದು ವಾಟ್ಸ್ಆ್ಯಪನ್ನು ದಾಟಿ ಬದುಕುತ್ತದೆ ನಿಜ. ಆದರೆ ಶಾಸನದ ಕೊನೆಯ ಸಾಲುಗಳ ಮೇಲೆಯೇ ಕೂರುವ ಅಪಾಯ ಒಂದಾದರೆ, ಯಾರು ಬೇಕಾದರೂ ತಿದ್ದಬಹುದಾದ ಅಕ್ಷರ ಅದೆಂಬುದು ಇನ್ನೊಂದು. ಸ್ಥಳದ ಮುದ್ರೆಯೊಂದೇ ಸಾಕ್ಷಿಯಾಗದು ಎಂಬುದನ್ನು ನರೇಗಾ ಹಾಜರಾತಿಯ ಅನುಭವವೇ ತೋರಿಸಿದೆ. ಸ್ಥಳ ಸಮಯಗಳುಳ್ಳ ಚಿತ್ರವನ್ನು ಕಡ್ಡಾಯ ಮಾಡಿದ ಮೇಲೂ ಫೋಟೊದ ಫೋಟೊ ತೆಗೆದು, ಸಂಬಂಧವಿಲ್ಲದ ಚಿತ್ರ ಏರಿಸಿ ದುರುಪಯೋಗ ನಡೆದಿರುವುದನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ 2025ರ ಜುಲೈ ಸುತ್ತೋಲೆಯಲ್ಲಿ ಪಟ್ಟಿ ಮಾಡಿತು.

ಕೊನೆಗೆ, ನಿಖರ ನೆಲೆಯನ್ನು ಪ್ರಕಟಿಸಬೇಕೇ? ನಿಸರ್ಗಾಸಕ್ತರ ಐನ್ಯಾಚುರಲಿಸ್ಟ್ ತಾಣ ಅಪಾಯದಲ್ಲಿರುವ ಜೀವಿಗಳ ನೆಲೆಯನ್ನು 0.2 ಡಿಗ್ರಿ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸಿ ಮರೆಮಾಡುತ್ತದೆ. ಕಳ್ಳಬೇಟೆಯವರು ಅದನ್ನೂ ಓದುತ್ತಾರೆ ಎಂಬ ಎಚ್ಚರ ಅದು. ಕಲ್ಲುಗಳಿಗೂ ನಿಧಿಗಳ್ಳರ ಕಾಟ ನಮ್ಮಲ್ಲಿ ಹೊಸದಲ್ಲ. ಜನವಸತಿಯ ನಡುವಿನ ಕಲ್ಲಿನ ನೆಲೆಯನ್ನು ಬಹಿರಂಗಪಡಿಸುವುದೇ ಮೇಲು, ನಾಲ್ಕು ಜನಕ್ಕೆ ಗೊತ್ತಿದ್ದಷ್ಟೂ ಅದಕ್ಕೆ ರಕ್ಷಣೆ. ಕಾಡುಗುಡ್ಡದ ಒಂಟಿ ಕಲ್ಲಿನ ವಿಷಯದಲ್ಲಿ ಗ್ರಾಮದ ಹೆಸರಿಗೆ ನಿಲ್ಲಿಸಿ, ಪೂರ್ತಿ ಅಂಕಿಗಳನ್ನು ಸಂಸ್ಥೆಯ ಕಡತದಲ್ಲಿ ಇಡುವುದು ಸರಿ.

ಶಾಸನ ಸಂಪುಟಗಳ ಸಂಪಾದಕರಲ್ಲಿ ಒಂದು ಕೋರಿಕೆ. ಪ್ರತಿ ಚಿತ್ರದ ಕೆಳಗೆ ಅಕ್ಷಾಂಶ ರೇಖಾಂಶಗಳ ಜೊತೆ ದೋಷದ ಮೀಟರ್, ನಕ್ಷೆಯ ಆಧಾರ, ಚಿತ್ರ ತೆಗೆದ ದಿನಾಂಕ, ಕಲ್ಲು ಮೂಲನೆಲೆಯಲ್ಲಿದೆಯೇ ಇಲ್ಲವೇ ಎಂಬ ಮಾತು, ಮತ್ತು ರೈಸ್ ಬರೆದಂತೆ ಮಾತಿನಲ್ಲೇ ಹೇಳಿದ ಗುರುತು ಇರಲಿ. ಅಚ್ಚಿನಲ್ಲಿ ಇದಕ್ಕೆ ಹಿಡಿಯುವುದು ಎರಡೇ ಸಾಲು.