ಇಲಿ ಬೆನ್ನ ಮೇಲಿನ ಕಿವಿ, ನಮ್ಮ ಮಂಡಿ: ಲ್ಯಾಬ್‌ನಲ್ಲಿ ಮೃದ್ವಸ್ಥಿ ಬೆಳೆಸೋದು ಹೇಗೆ?

ಬೆನ್ನ ಮೇಲೆ ಮನುಷ್ಯರ ಕಿವಿ ಹೊತ್ತ ಬೋಳು ಇಲಿಯ ಫೋಟೋವನ್ನು ನೀವೂ ನೋಡಿರಬಹುದು. 1999ರಲ್ಲಿ ಕುಲಾಂತರಿ ತಂತ್ರಜ್ಞಾನದ ವಿರೋಧಿಗಳು ಇದೇ ಫೋಟೋ ಹಾಕಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಜಾಹೀರಾತು ಕೊಟ್ಟಿದ್ದರು. ಅಸಲಿಗೆ ಆ ಕಿವಿಗೂ ಕುಲಾಂತರಿಗೂ ಸಂಬಂಧವೇ ಇರಲಿಲ್ಲ. ಅದರಲ್ಲಿ ಮನುಷ್ಯರ ಜೀವಕೋಶವೂ ಇರಲಿಲ್ಲ.

ಹಾಗಾದ್ರೆ ಇದ್ದದ್ದೇನು?

ಅಮೆರಿಕದ ಚಾರ್ಲ್ಸ್ ವಕಾಂಟಿ ಮತ್ತು ಸಂಗಡಿಗರು ಕಿವಿಯಾಕಾರದ ಹಂದರವೊಂದನ್ನು ಮಾಡಿದರು. ಅದು ಪಾಲಿಗ್ಲೈಕೋಲಿಕ್ ಆಮ್ಲದ್ದು. ಆಪರೇಷನ್‌ನಲ್ಲಿ ಹಾಕುವ, ತಾನಾಗಿಯೇ ಕರಗುವ ಹೊಲಿಗೆ ದಾರದಲ್ಲೂ ಇದೇ ಇರುತ್ತದೆ. ಅದಕ್ಕೆ ಕರುವಿನ ಮೃದ್ವಸ್ಥಿ ಕೋಶಗಳನ್ನು ಬಿತ್ತಿ, ಇಲಿಯ ಚರ್ಮದಡಿ ಇಟ್ಟರು. ಹಂದರ ಕರಗುತ್ತಾ ಹೋಯಿತು, ಮೃದ್ವಸ್ಥಿ ಉಳಿಯಿತು. ಈ ಅಧ್ಯಯನ ಪ್ರಕಟವಾದದ್ದು 1997ರಲ್ಲಿ.

ಇಷ್ಟೆಲ್ಲ ಯಾಕೆ ಬೇಕು?

ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಮೃದ್ವಸ್ಥಿ ಹಾಗಲ್ಲ. ಅದರಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ರಿಪೇರಿ ಮಾಡುವ ಕೋಶಗಳು ಅಲ್ಲಿಗೆ ತಲುಪುವುದೇ ಕಷ್ಟ. ಕಬಡ್ಡಿಯಲ್ಲೋ ಬೈಕಿನಿಂದ ಬಿದ್ದೋ ಮಂಡಿಯೊಳಗಿನ ಮೃದ್ವಸ್ಥಿ ಕಿತ್ತುಹೋದರೆ, ಅದು ತಾನಾಗಿ ಮೊದಲಿನಂತಾಗುವುದು ಅಪರೂಪ.

1994ರಲ್ಲಿ ಸ್ವೀಡನ್ನಿನ ವೈದ್ಯರು ರೋಗಿಯದೇ ಕೋಶಗಳನ್ನು ತೆಗೆದು, ಲ್ಯಾಬ್‌ನಲ್ಲಿ ಹೆಚ್ಚಿಸಿ, ಮಂಡಿಗೆ ಸೇರಿಸಿದ 23 ಪ್ರಕರಣಗಳನ್ನು ವರದಿ ಮಾಡಿದರು. ಆದರೆ ಚಪ್ಪಟೆ ತಟ್ಟೆಯಲ್ಲಿ ಬೆಳೆದ ಕೋಶಗಳು ನಿಧಾನವಾಗಿ ತಮ್ಮ ಗುಣ ಮರೆಯುತ್ತವೆ. ಬಳ್ಳಿಗೆ ಚಪ್ಪರ ಬೇಕಿರುವಂತೆ, ಇವಕ್ಕೂ ಹಬ್ಬಲು ಹಂದರ ಬೇಕು. ಅದು ಬೇಗ ಕರಗಿದರೆ ಹೊಸ ಅಂಗಾಂಶ ಕುಸಿಯುತ್ತದೆ, ತಡವಾದರೆ ಬೆಳವಣಿಗೆಗೆ ಅಡ್ಡಿ.

ಎಲ್ಲಿವರೆಗೆ ಬಂದಿದ್ದೇವೆ?

ರೋಗಿಯ ಕೋಶಗಳನ್ನು ಹಂದಿಯ ಕೊಲ್ಲಾಜೆನ್ ಪೊರೆಯ ಮೇಲೆ ಬೆಳೆಸಿ ಮಂಡಿಗೆ ಅಂಟಿಸುವ ‘ಮಾಸಿ’ ಚಿಕಿತ್ಸೆಗೆ ಅಮೆರಿಕ 2016ರಲ್ಲಿ ಒಪ್ಪಿಗೆ ಕೊಟ್ಟಿತು. 2018ರಲ್ಲಿ ಚೀನಾದ ವೈದ್ಯರು, ಹುಟ್ಟಿನಿಂದ ಒಂದು ಕಿವಿ ಸರಿಯಾಗಿ ಬೆಳೆಯದ ಐದು ಮಕ್ಕಳಿಗೆ ಅವರದೇ ಕೋಶಗಳಿಂದ ಕಿವಿ ರೂಪಿಸಿದ್ದನ್ನು ಪ್ರಕಟಿಸಿದರು.

ಮಿತಿಗಳೂ ಇವೆ. ‘ಮಾಸಿ’ ಇರುವುದು ವಯಸ್ಕರ ಮಂಡಿಯಲ್ಲಿ ನಿರ್ದಿಷ್ಟ ಜಾಗದ ಗಾಯಕ್ಕೆ. ಇಡೀ ಕೀಲೇ ಸವೆದ ಅಜ್ಜಿಯ ಸಂಧಿವಾತಕ್ಕೆ ಇದು ಮದ್ದಲ್ಲ. ಹೊಸದಾಗಿ ಬೆಳೆದ ಅಂಗಾಂಶವೂ ಎಷ್ಟೋ ಸಲ ಮೂಲದಷ್ಟು ಗಟ್ಟಿ ಇರುವುದಿಲ್ಲ.

ನಮಗೇಕೆ ಇದು ಮುಖ್ಯ?

ಅಂದು ಅದೇ ಫೋಟೋ ತೋರಿಸಿ ಭಯ ಮಾರಿದರು. ಇಂದು ‘ಸ್ಟೆಮ್ ಸೆಲ್ ಹಾಕಿ ಮಂಡಿನೋವು ಮಾಯ ಮಾಡ್ತೀವಿ’ ಅಂತ ಆಸೆ ಮಾರುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿತ್ತು: ಕೆಲವು ರಕ್ತ ಸಂಬಂಧಿ ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಆಗಿನ್ನೂ ಪ್ರಯೋಗವೇ ಆಗಿತ್ತು.

ಅದೇ 2017ರಲ್ಲಿ ಕೇಂದ್ರ ಸರ್ಕಾರ ಲೋಹದ ಕೃತಕ ಮಂಡಿಗೆ ದರಮಿತಿ ಹಾಕಿತು. ಅಲ್ಲಿ ಒಂದೇ ಬಗೆಯ ವಸ್ತು ಸಾವಿರಾರು ಜನರಿಗೆ ಆಗುತ್ತದೆ. ಇಲ್ಲಿ ಪ್ರತಿ ರೋಗಿಗೂ ಬೇರೆಯದೇ ಬೆಳೆ, ಎರಡೆರಡು ಆಪರೇಷನ್, ವಾರಗಟ್ಟಲೆ ಲ್ಯಾಬ್ ಕೆಲಸ. ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಲ್ಯಾಬ್ ಕಟ್ಟದಿದ್ದರೆ ಕಾಸಿದ್ದವರ ಮಂಡಿಯಷ್ಟೇ ರಿಪೇರಿಯಾಗುತ್ತದೆ. ದಿನಗೂಲಿಗೆ ಮೂಟೆ ಹೊರುವವರ ಮಂಡಿಯ ಪಾಡೇನು? ಈ ಪ್ರಶ್ನೆ ಕೇಳಬೇಕಾದ್ದು ವಿಜ್ಞಾನಿಗಳನ್ನಲ್ಲ, ಬಜೆಟ್ ಬರೆಯುವವರನ್ನು.